ಜೇನು ಸಾಕಿದವರ ಚಿತ್ರ ಎಲ್ಲಿದೆ?

ಜೇನುತುಪ್ಪವೆಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವ ಚಿತ್ರಗಳು ಎರಡೇ. ಒಂದು, ಹೂವಿನ ಮೇಲೆ ಕುಳಿತ ನೊಣ. ಇನ್ನೊಂದು, ಕಡಿದಾದ ಬಂಡೆಯಿಂದ ಹಗ್ಗಕ್ಕೆ ಜೋತುಬಿದ್ದ ಮನುಷ್ಯ. ಮೊದಲನೆಯದನ್ನು ಅಂಗಡಿಯ ಸೀಸೆಗಳ ಮೇಲಿನ ಚೀಟಿಯಲ್ಲಿ ಕಾಣುತ್ತೇವೆ, ಎರಡನೆಯದನ್ನು ಪತ್ರಿಕೆಗಳ ಬಣ್ಣದ ಪುಟಗಳಲ್ಲಿ. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ತೋಟದ ಬದಿಯಲ್ಲಿ ಕಂಬ ನೆಟ್ಟು ಅದರ ಮೇಲೆ ಪೆಟ್ಟಿಗೆಯಿಟ್ಟು, ಇರುವೆ ಹತ್ತದಂತೆ ಬುಡದಲ್ಲಿ ನೀರು ನಿಲ್ಲಿಸಿ, ಮಳೆಗಾಲದಲ್ಲಿ ಸಕ್ಕರೆ ಪಾಕ ಉಣಿಸಿ, ವರ್ಷಕ್ಕೆ ಐದಾರು ಸೇರು ತುಪ್ಪಕ್ಕಾಗಿ ವರ್ಷವಿಡೀ ಕಾಯುವ ಜೇನು ಸಾಕಣೆಗಾರ. ಅವನ ಚಿತ್ರವನ್ನು ನೋಡಿದವರು ಕಡಿಮೆ. ತೆಗೆದವರು ಇನ್ನೂ ಕಡಿಮೆ.

ಕಳೆದ ಕೆಲವು ವರ್ಷಗಳಿಂದ ಶನಿವಾರ ಭಾನುವಾರಗಳಂದು ಹೈದರಾಬಾದಿನ ಹೊರವಲಯದ ಹಳ್ಳಿಗಳಲ್ಲಿ, ವರ್ಷಕ್ಕೊಮ್ಮೆ ಊರಿಗೆ ಹೋದಾಗ ಪುತ್ತೂರು ಸುಳ್ಯದ ಕಡೆ, ಜೇನು ಸಾಕುವವರ ಕೆಲಸದ ಛಾಯಾಚಿತ್ರಗಳನ್ನು ತೆಗೆಯುವ ಸ್ವಯಂಸೇವೆಯನ್ನು ನಾವು ಕೈಗೊಂಡಿದ್ದೇವೆ. ಕಚೇರಿಯ ಗೆಳೆಯರು ಇದೆಂಥ ಹುಚ್ಚು ಎಂದು ನಗುವುದುಂಟು. ಜೇನು ಕಿತ್ತವನು ಕೈ ನೆಕ್ಕದೆ ಬಿಟ್ಟಾನೆಯೇ ಎಂದು ಗಾದೆ ಹೇಳಿ, ತಮ್ಮ ಪಾಲಿನ ಸೀಸೆ ಎಲ್ಲಿ ಎಂದು ಕೇಳುವವರೂ ಇದ್ದಾರೆ. ಅದಿರಲಿ. ಈ ಹವ್ಯಾಸದ ಬೆನ್ನು ಹತ್ತಿ ಹೋದಾಗ ಕಂಡುಬಂದ ಇತಿಹಾಸವನ್ನು ವಾಚಕರ ಮುಂದಿಡುವುದಷ್ಟೇ ಇಲ್ಲಿಯ ಉದ್ದೇಶ.

ನಾವಿರುವ ಊರಿನಿಂದಲೇ ಆರಂಭಿಸಬಹುದು. ಇಲ್ಲಿಯವರ 'ತೇನೆ', ತಮಿಳರ 'ತೇನ್', ನಮ್ಮ 'ಜೇನು' ಒಂದೇ ಮಾತಿನ ಮೂರು ಉಚ್ಚಾರಗಳು. ಹೈದರಾಬಾದಿನ ದಕ್ಷಿಣಕ್ಕೆ, ಶ್ರೀಶೈಲದ ದಾರಿಯಲ್ಲಿ, ನಲ್ಲಮಲೆಯ ಕಾಡು ಇದೆ. ಅಲ್ಲಿಯ ಚೆಂಚು ಜನ ತಲೆತಲಾಂತರದಿಂದ ಗೆಡ್ಡೆ ಗೆಣಸು ಅಗೆದು, ಬೇಟೆಯಾಡಿ, ಜೇನು ಇಳಿಸಿ ಬದುಕಿದವರು. ಎರಡನೆಯ ಮಹಾಯುದ್ಧ ಶುರುವಾದಾಗ ಕ್ರಿಸ್ಟೋಫ್ ವಾನ್ ಫ್ಯೂರರ್ ಹೈಮೆಂಡಾರ್ಫ್ ಎಂಬ ಆಸ್ಟ್ರಿಯಾದ ಮಾನವಶಾಸ್ತ್ರಜ್ಞರು ಭಾರತದಲ್ಲಿದ್ದರು. ಜರ್ಮನ್ ಪಾಸ್‌ಪೋರ್ಟು ಇದ್ದುದರಿಂದ ಬ್ರಿಟಿಷರ ಲೆಕ್ಕದಲ್ಲಿ ಅವರು ಶತ್ರು ದೇಶದವರಾದರು. ಹೈದರಾಬಾದು ಸಂಸ್ಥಾನದ ಎಲ್ಲೆಯೊಳಗೇ ಇರಬೇಕೆಂಬ ಕಟ್ಟುಪಾಡು ಬಿತ್ತು. ಬೇರೆಯವರಾಗಿದ್ದರೆ ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತ ಕಾಲ ಕಳೆಯುತ್ತಿದ್ದರೇನೋ. ಇವರು 1940ರಲ್ಲಿ ಹೆಂಡತಿ ಬೆಟ್ಟಿಯವರೊಡನೆ ಕ್ಯಾಮೆರಾ ಹೊತ್ತು ನಲ್ಲಮಲೆ ಸೇರಿದರು. ಚೆಂಚುಗಳ ಮೇಲಿನ ಅವರ ಗ್ರಂಥ 1943ರಲ್ಲಿ ಹೊರಬಂತು. ಮುಂದೆ ರೆಡ್ಡಿಗಳ ಮೇಲೆ, ಆದಿಲಾಬಾದಿನ ರಾಜಗೊಂಡರ ಮೇಲೆ ಗ್ರಂಥಗಳು ಬಂದವು. ಅವರು ತೆಗೆದ ಸಾವಿರಾರು ಚಿತ್ರಗಳು ಲಂಡನ್ನಿನ ಸೋವಾಸ್ ಸಂಸ್ಥೆಯಲ್ಲಿ ಇಂದಿಗೂ ಭದ್ರವಾಗಿವೆ. ಯುದ್ಧಕಾಲದ ಒಂದು ನಿರ್ಬಂಧದಿಂದಾಗಿ ಚೆಂಚುಗಳ ಬದುಕಿನ ಚಿತ್ರ ಉಳಿಯಿತೆನ್ನಬೇಕು.

ಕಾಡಿನ ಜೇನು ಕೀಳುವವರ ಚಿತ್ರಗಳಿಗೆ ಜಗತ್ತಿನಲ್ಲಿ ಎಂದೂ ಬರವಿಲ್ಲ. ಸ್ಪೇನ್ ದೇಶದ ಬಿಕೋರ್ಪ್ ಎಂಬ ಊರಿನ ಬಳಿಯ ಗವಿಯಲ್ಲಿ, ಹಗ್ಗದಂತಹ ಬಳ್ಳಿ ಹಿಡಿದು ಬುಟ್ಟಿ ಸಹಿತ ಜೇನುಗೂಡಿಗೆ ಕೈಯಿಕ್ಕಿದ ವ್ಯಕ್ತಿಯ ಚಿತ್ರವಿದೆ. ಸುತ್ತ ನೊಣಗಳು ಹಾರುತ್ತಿವೆ. ಅದಕ್ಕೆ ಸುಮಾರು 8,000 ವರ್ಷ ವಯಸ್ಸೆಂದು ತಿಳಿದವರು ಹೇಳುತ್ತಾರೆ. ನಮ್ಮ ಮಧ್ಯಪ್ರದೇಶದ ಭೀಮಬೇಟ್ಕಾ ಹಾಗೂ ಪಚಮಢಿಯ ಕಲ್ಲಾಸರೆಗಳಲ್ಲೂ ಜೇನು ಇಳಿಸುವ ಚಿತ್ರಗಳಿವೆ. ನಮ್ಮ ಕಾಲಕ್ಕೆ ಬಂದರೆ, ಫ್ರಾನ್ಸಿನ ಎರಿಕ್ ವಾಲಿ ನೇಪಾಳದ ಬಂಡೆಗಳಲ್ಲಿ ಜೇನು ಕೀಳುವವರನ್ನು ಚಿತ್ರೀಕರಿಸಿದರು. 1988ರಲ್ಲಿ ಆ ಚಿತ್ರಗಳು ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯಲ್ಲಿ ಬಂದಾಗ ಜಗತ್ತೇ ಬೆರಗಾಯಿತು. ಆ ನೊಣ ನಮ್ಮ ಹೆಜ್ಜೇನಿನ ಹಿಮಾಲಯದ ದಾಯಾದಿ. ನಮ್ಮಲ್ಲಿ ಜೇನುಕುರುಬರು, ನೀಲಗಿರಿಯಲ್ಲಿ ಕುರುಂಬರು ಇದೇ ಕೆಲಸದವರು. ಕುರುಂಬರಲ್ಲಿ ಮೇಲಿನ ಹಗ್ಗದ ಕಾವಲಿಗೆ ಭಾವಮೈದುನನನ್ನು ನಿಲ್ಲಿಸುವ ವಾಡಿಕೆ ಹೇಳುತ್ತಾರೆ. ತಂಗಿಯ ತಾಳಿ ಉಳಿಯಬೇಕೆಂಬ ಕಾಳಜಿ ಅವನಿಗಿಂತ ಇನ್ನಾರಿಗಿದ್ದೀತು?

ಈ ಚಿತ್ರಗಳ ಸಾಹಸವನ್ನು ನಾವು ಕೀಳುಗಳೆಯುತ್ತಿಲ್ಲ. ಆದರೆ ಇವೆಲ್ಲವೂ ಒಂದು ಗಳಿಗೆಯ ಚಿತ್ರಗಳು. ಹೊಗೆ, ಹಗ್ಗ, ಎರಿ ಕೊಯ್ದದ್ದು, ಅಲ್ಲಿಗೆ ಮುಗಿಯಿತು. ಸಾಕಣೆಗೆ ಅಂಥ ಗಳಿಗೆಯೇ ಇಲ್ಲ. ಸಾಕಣೆಯ ಅತಿ ಹಳೆಯ ಚಿತ್ರ ಈಜಿಪ್ಟಿನ ಸೂರ್ಯ ದೇವಾಲಯವೊಂದರ ಗೋಡೆಯಲ್ಲಿ ಸಿಕ್ಕಿದೆ. ಕ್ರಿಸ್ತಪೂರ್ವ 2400ರ ಸುಮಾರಿನ ನ್ಯೂಸೆರ್ರೆ ಎಂಬ ಅರಸನ ಕಾಲದ್ದು. ಒಬ್ಬ ಗೂಡಿನ ಮುಂದೆ ಮಂಡಿಯೂರಿದ್ದಾನೆ, ಉಳಿದವರು ತುಪ್ಪ ಬಗ್ಗಿಸುತ್ತಿದ್ದಾರೆ, ಕೊನೆಯವನು ಪಾತ್ರೆಯ ಬಾಯಿ ಕಟ್ಟಿ ಮುದ್ರೆ ಹಾಕುತ್ತಿದ್ದಾನೆ. ಒಬ್ಬ ಕುಶಲ ಛಾಯಾಗ್ರಾಹಕ ಕೆಲಸದ ಒಂದೊಂದು ಹಂತವನ್ನೂ ತೆಗೆದು ಸಾಲಾಗಿ ಅಂಟಿಸಿದಂತಿದೆ. ನಮಗೆ ಮಾದರಿಯೆನಿಸಿದ್ದು ಸ್ಪೇನಿನ ಗವಿಯಲ್ಲ, ಈ ಗೋಡೆ.

ಜೇನುಗೂಡಿನ ಒಳಗನ್ನು ನೋಡುವುದಕ್ಕೆ ಮನುಷ್ಯನಿಗೆ ಬಹಳ ಕಾಲ ಹಿಡಿಯಿತು. 1625ರಲ್ಲಿ ಇಟಲಿಯ ಸ್ಟೆಲ್ಯೂಟಿ ಸೂಕ್ಷ್ಮದರ್ಶಕದಲ್ಲಿ ನೋಡಿ ಜೇನುನೊಣದ ಅಂಗಾಂಗಗಳ ಚಿತ್ರ ಅಚ್ಚು ಹಾಕಿಸಿದ. ಆದರೆ ಗೂಡಿನ ಸಂಸಾರ ಕತ್ತಲೆಯಲ್ಲೇ ಉಳಿಯಿತು. ಅದನ್ನು ಬೆಳಕಿಗೆ ತಂದವನು ಕುರುಡ ಎಂದರೆ ನಂಬುವಿರಾ? ಜಿನೀವಾದ ಫ್ರಾನ್ಸುವಾ ಹ್ಯೂಬರ್ (1750-1831) ಯೌವನದಲ್ಲೇ ದೃಷ್ಟಿ ಕಳೆದುಕೊಂಡಿದ್ದ. ಪುಸ್ತಕದ ಹಾಳೆಗಳಂತೆ ಮಗುಚಬಹುದಾದ ಗೂಡೊಂದನ್ನು ಮಾಡಿಸಿದ. ಬರ್ನೆನ್ಸ್ ಎಂಬ ಅವನ ಸೇವಕ ನೋಡಿ ಹೇಳುವುದು, ಇವನು ಕೇಳಿ ಪ್ರಶ್ನಿಸುವುದು, ಆತ ಮತ್ತೆ ನೋಡುವುದು. ರಾಣಿನೊಣದ ಕೂಡಿಕೆ ಗೂಡಿನ ಹೊರಗೆ ನಡೆಯುತ್ತದೆಂಬುದನ್ನು ಹೀಗೆ ಕಂಡುಕೊಂಡು 1792ರಲ್ಲಿ ಗ್ರಂಥ ಪ್ರಕಟಿಸಿದ. ಹೆಸರು ಹ್ಯೂಬರನಿಗೆ ಬಂತು. ಕಣ್ಣು ಮಾತ್ರ ಬರ್ನೆನ್ಸನದು.

ಅನಂತರದ ದೊಡ್ಡ ಹೆಜ್ಜೆ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಅವರದು. ಎರಡು ಎರಿಗಳ ನಡುವೆ, ಎರಿಗೂ ಗೋಡೆಗೂ ನಡುವೆ, ಅಂಗುಲದ ಎಂಟರಲ್ಲಿ ಮೂರು ಪಾಲಿನಷ್ಟು ಸಂದು ಬಿಟ್ಟರೆ ನೊಣಗಳು ಅದನ್ನು ದಾರಿಯಾಗಿ ಬಿಡುತ್ತವೆ. ಕಡಿಮೆಯಾದರೆ ಅಂಟಿನಿಂದ ಮುಚ್ಚುತ್ತವೆ, ಹೆಚ್ಚಾದರೆ ಅಲ್ಲೂ ಎರಿ ಕಟ್ಟುತ್ತವೆ. 1851ರಲ್ಲಿ ಇದನ್ನು ಬಳಸಿ ಅವರು ಎತ್ತಿ ಇಡಬಹುದಾದ ಚೌಕಟ್ಟುಗಳ ಪೆಟ್ಟಿಗೆ ರೂಪಿಸಿದರು. 1857ರಲ್ಲಿ ಜರ್ಮನಿಯ ಮೇರಿಂಗ್ ಮೇಣದ ಅಚ್ಚಿನ ಹಾಳೆ ಮಾಡಿದ, 1865ರಲ್ಲಿ ಹ್ರುಷ್ಕ ಎಂಬಾತ ಎರಿಯನ್ನು ತಿರುಗಿಸಿ ತುಪ್ಪ ಸಿಡಿಸುವ ಯಂತ್ರ ಕಂಡುಹಿಡಿದ. ಕಾಲು ಅಂಗುಲದಿಂದ ಅರ್ಧ ಅಂಗುಲದೊಳಗಿನ ಈ ಸಂದಿನ ಮಹತ್ವ ಸಣ್ಣದಲ್ಲ. ಅಲ್ಲಿಯವರೆಗೆ ಜೇನು ತೆಗೆಯುವುದೆಂದರೆ ಮೊಟ್ಟೆ ಮರಿ ಸಹಿತ ಎರಿಯನ್ನು ಹಿಂಡುವುದು. ಈಗ ಮರಿಗಳಿರುವ ಸಂಸಾರಕೋಣೆಯನ್ನು ಕೆಳಗೆ ಬಿಟ್ಟು, ಮೇಲಿನ ಜೇನುಕೋಣೆಯ ಎರಿಯಿಂದ ಮಾತ್ರ ತುಪ್ಪ ತೆಗೆದು, ಖಾಲಿ ಎರಿಯನ್ನು ಹಾಗೆಯೇ ಹಿಂದಿರುಗಿಸಬಹುದಾಯಿತು.

ಭಾರತದಲ್ಲಿ ಈ ವಿದ್ಯೆಯ ಬಗ್ಗೆ ಮೊದಲು ಕೈಪಿಡಿ ಬರೆದ ಜೆ. ಸಿ. ಡಗ್ಲಸ್ ಟೆಲಿಗ್ರಾಫ್ ಇಲಾಖೆಯವರು. ಅವರ ಪುಸ್ತಕ 1884ರಲ್ಲಿ ಕಲ್ಕತ್ತೆಯಿಂದ ಬಂತು. ಕೇಂದ್ರ ಸರ್ಕಾರದ ನೌಕರರು ಕಡತದಾಚೆಗೂ ಏನಾದರೂ ಮಾಡಬಲ್ಲರೆಂಬುದಕ್ಕೆ ನಾವು ಕಚೇರಿಯಲ್ಲಿ ಆಗಾಗ ಅವರ ಹೆಸರನ್ನು ಮುಂದಿಡುತ್ತೇವೆ. ಆದರೆ ದಕ್ಷಿಣದಲ್ಲಿ ಪೆಟ್ಟಿಗೆ ಮನೆಮಾತಾದದ್ದು ಪಾದ್ರಿ ನ್ಯೂಟನ್ನರಿಂದ. ಇವರು ಸೇಬುಹಣ್ಣಿನ ನ್ಯೂಟನ್ನರಲ್ಲ, ತಮಿಳುನಾಡಿನಲ್ಲಿದ್ದ ಜೆಸ್ಯೂಟ್ ಪಾದ್ರಿ. 1911ರಿಂದ 1917ರವರೆಗೆ ಅವರು ಹಳ್ಳಿಯ ಜನರಿಗೆ ಜೇನು ಸಾಕಣೆಯ ತರಬೇತಿ ಕೊಟ್ಟರು. ನಮ್ಮ ತುಡುವೆ ಜೇನು ಯುರೋಪಿನ ನೊಣಕ್ಕಿಂತ ಚಿಕ್ಕದು, ಅದರ ಸಂಸಾರವೂ ಚಿಕ್ಕದು. ಅದಕ್ಕೆ ಹೊಂದುವ ಕಿರಿಯ ಪೆಟ್ಟಿಗೆ ಮಾಡಿದ್ದರಿಂದಲೇ ಅವರ ಹೆಸರು ಉಳಿಯಿತು. ಇಂದಿಗೂ ನಮ್ಮ ಕಡೆಯ ಬಡಗಿಗಳಿಗೆ 'ನ್ಯೂಟನ್ ಪೆಟ್ಟಿಗೆ' ಎಂದರೆ ಅಳತೆ ಹೇಳಬೇಕಾಗಿಲ್ಲ.

1928ರಲ್ಲಿ ರಾಯಲ್ ಕೃಷಿ ಆಯೋಗ ಜೇನು ಸಾಕಣೆಯನ್ನು ಗೃಹಕೈಗಾರಿಕೆಯಾಗಿ ಬೆಳೆಸಬೇಕೆಂದಿತು. 1934ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವೂ ಇದನ್ನು ಕೈಗೆತ್ತಿಕೊಂಡಿತು. ಕನ್ನಡನಾಡಿಗೆ ಹೆಮ್ಮೆಯ ಸಂಗತಿ ಎಂದರೆ, 1936ರಲ್ಲಿಯೇ ಕೊಡಗಿನ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಕೊಡಗು ಆಗಿನ್ನೂ ಬ್ರಿಟಿಷರ ಚೀಫ್ ಕಮಿಷನರ ಆಡಳಿತದ ಪುಟ್ಟ ಪ್ರಾಂತ್ಯ. ದಕ್ಷಿಣ ಕನ್ನಡದ ಜೇನು ವ್ಯವಸಾಯಗಾರರೂ ಸಹಕಾರಿ ಸಂಘ ಕಟ್ಟಿಕೊಂಡರು. ಹತ್ತು ಪೆಟ್ಟಿಗೆಯವನೂ ಒಂದು ಪೆಟ್ಟಿಗೆಯವನೂ ಒಂದೇ ತಕ್ಕಡಿಗೆ ತುಪ್ಪ ತಂದು ಸುರಿಯುವ ಏರ್ಪಾಡು ಇದು. ಭಾಗಮಂಡಲದ ತುಪ್ಪಕ್ಕೆ ತಲಕಾವೇರಿಯ ಯಾತ್ರಿಕರಿಂದಾಗಿ ದೇಶದಲ್ಲೆಲ್ಲ ಹೆಸರಾಯಿತು.

ಕೊಡಗಿನಲ್ಲಿ ಇದು ಬೇರೂರಲು ಕಾರಣ ಕಾಫಿ. ಮಾರ್ಚ್ ಏಪ್ರಿಲ್‌ನ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೇಬಿಕಾ ತಳಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹಾಗಾಗಿ ನೊಣಕ್ಕೆ ಗಿಡ, ಗಿಡಕ್ಕೆ ನೊಣ. ಹೂವಿನ ಮಕರಂದ ನೀರಿನಂತಿರುತ್ತದೆ. ನೊಣಗಳು ತಮ್ಮ ಜೊಲ್ಲಿನ ಕಿಣ್ವದಿಂದ ಅದರ ಸಕ್ಕರೆಯನ್ನು ಒಡೆದು, ರಾತ್ರಿಯಿಡೀ ರೆಕ್ಕೆ ಬೀಸಿ ನೀರಾರಿಸಿ, ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ನೀರು ಉಳಿದಾಗ ಕಣ್ಣಿಗೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚಳ ಬೀಳುವ ಮುನ್ನ ಅವಸರಪಟ್ಟು ತೆಗೆದ ತುಪ್ಪ ಹುಳಿಯುತ್ತದೆ. ಸಾಕಣೆಗಾರನ ಅರ್ಧ ವಿದ್ಯೆ ಇರುವುದು ಈ ಕಾಯುವುದರಲ್ಲಿ.

ಇನ್ನು ದುಃಖದ ಅಧ್ಯಾಯ. 1976ರಲ್ಲಿ ಥಾಯ್‌ಲೆಂಡಿನಲ್ಲಿ ತುಡುವೆಯ ಮರಿಗಳಿಗೆ ಹೊಸ ರೋಗವೊಂದು ಕಂಡುಬಂತು. ಮರಿ ಪೊರೆಯಾಗುವ ಮೊದಲೇ ಸತ್ತು, ನೀರು ತುಂಬಿದ ಸಣ್ಣ ಚೀಲದಂತಾಗಿ, ತಲೆ ಮೇಲಕ್ಕೆತ್ತಿ ಕಣ್ಣಿನಲ್ಲೇ ಉಳಿಯುತ್ತದೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ಈ ವೈರಸ್ಸಿಗೆ ಮದ್ದಿಲ್ಲ. ಈಶಾನ್ಯ ಭಾರತವನ್ನು ಹೊಕ್ಕ ರೋಗ 1991-92ರಲ್ಲಿ ಕರ್ನಾಟಕ ಕೇರಳಗಳಿಗೆ ಇಳಿಯಿತು. ಎರಡು ವರ್ಷದೊಳಗೆ ಹಲವೆಡೆ ನೂರಕ್ಕೆ 90ಕ್ಕಿಂತ ಹೆಚ್ಚು ಕುಟುಂಬಗಳು ನಾಶವಾದವು. ಅರ್ಧ ಶತಮಾನದ ಸಹಕಾರ ಸಂಘಗಳು ತಕ್ಕಡಿಯ ಮುಂದೆ ಕೈಕಟ್ಟಿ ಕುಳಿತವು.

ನಮಗಾಗ ಹತ್ತು ಹನ್ನೊಂದು ವಯಸ್ಸು. ನಮ್ಮ ಅಜ್ಜನ ಹನ್ನೆರಡು ಪೆಟ್ಟಿಗೆಗಳು ಒಂದೊಂದಾಗಿ ಮೌನವಾದವು. ಅಜ್ಜ ಪ್ರತಿದಿನ ಬೆಳಿಗ್ಗೆ ಪೆಟ್ಟಿಗೆಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಮರುವರ್ಷ ಪೆಟ್ಟಿಗೆಗಳೆಲ್ಲ ಅಟ್ಟ ಸೇರಿದವು. ಕೆಳಗೆ ಉಳಿದ ಒಂದರಲ್ಲಿ ಕೋಳಿ ಮೊಟ್ಟೆಯಿಡತೊಡಗಿತು. ಇದರ ಒಂದು ಚಿತ್ರವಾದರೂ ಇದೆಯೇ ಎಂದು ನಾವು ಮನೆಯ ಆಲ್ಬಮ್ಮುಗಳನ್ನೆಲ್ಲ ಜಾಲಾಡಿದ್ದೇವೆ. ಆಗ ಛಾಯಾಗ್ರಾಹಕ ಹಳ್ಳಿಗೆ ಬರುತ್ತಿದ್ದುದು ಮದುವೆ ಮುಂಜಿಗೆ. ಸಿಕ್ಕಿದ್ದು ಒಂದೇ. ಚಿಕ್ಕಪ್ಪನ ಉಪನಯನದ ಗುಂಪುಚಿತ್ರದ ಎಡಮೂಲೆಯಲ್ಲಿ, ಯಾರದೋ ಭುಜದ ಹಿಂದೆ, ಕಂಬದ ಮೇಲೊಂದು ಪೆಟ್ಟಿಗೆ. ಅರ್ಧ ಕತ್ತರಿಸಿಹೋಗಿದೆ. ಸಾವಿರಾರು ಮನೆಗಳ ಒಂದು ಕಸುಬು ಎರಡು ವರ್ಷದಲ್ಲಿ ಮಣ್ಣುಪಾಲಾಯಿತು. ನೆರೆ ಬಂದಿದ್ದರೆ, ಬೆಂಕಿ ಬಿದ್ದಿದ್ದರೆ ಪತ್ರಿಕೆಯವರು ಓಡಿಬರುತ್ತಿದ್ದರು. ನೊಣ ಸತ್ತರೆ ಹೊಗೆಯೂ ಏಳುವುದಿಲ್ಲ, ಸದ್ದೂ ಆಗುವುದಿಲ್ಲ.

ಅಳಿದುಳಿದ ಕುಟುಂಬಗಳಿಂದ, ಕಾಡಿನ ಪೊಟರೆಗಳಲ್ಲಿ ಬದುಕಿಕೊಂಡ ಹಿಂಡುಗಳಿಂದ ತುಡುವೆ ನಿಧಾನವಾಗಿ ಚೇತರಿಸಿಕೊಂಡಿದೆ. ರೋಗ ಪೂರ್ತಿ ಹೋಗಿಲ್ಲ. ಈ ನಡುವೆ ಇಟಲಿಯ ಜೇನೂ ಬಂದಿದೆ. 1962ರಲ್ಲಿ ಪಂಜಾಬಿನ ನಗ್ರೋಟಾದಲ್ಲಿ (ಈಗ ಹಿಮಾಚಲ ಪ್ರದೇಶ) ಡಾ. ಅಟ್ವಾಲರು ನೆಲೆಗೊಳಿಸಿದ ನೊಣ ಅದು. ತುಡುವೆಯ ಹಲವು ಪಟ್ಟು ತುಪ್ಪ ಕೊಡುತ್ತದೆ. ಆದರೆ ಲಾರಿಯಲ್ಲಿ ಹೊಲದಿಂದ ಹೊಲಕ್ಕೆ ಸಾಗಿಸುತ್ತಿರಬೇಕು. ಹೈದರಾಬಾದಿನ ಸುತ್ತ ಸೂರ್ಯಕಾಂತಿ ಹೊಲಗಳಂಚಿನಲ್ಲಿ ನಮಗೆ ಹೆಚ್ಚಾಗಿ ಕಾಣಸಿಗುವುದು ಈ ಪೆಟ್ಟಿಗೆಗಳೇ. ಊರೊಳಗೆ ಕಾಣುವುದು ಹೆಜ್ಜೇನು, ನೀರಿನ ಟ್ಯಾಂಕುಗಳ ಅಡಿಯಲ್ಲಿ, ಎತ್ತರದ ಮನೆಗಳ ಸಜ್ಜಾಗಳಲ್ಲಿ. ಅದಕ್ಕೆ ಪೆಟ್ಟಿಗೆಯ ಹಂಗಿಲ್ಲ.

ಚಿತ್ರ ತೆಗೆಯುವ ಬಗ್ಗೆ ಎರಡು ಮಾತು. ನೊಣಕ್ಕೆ ಕೆಂಪು ಬಣ್ಣ ಕಾಣದು, ಕಪ್ಪು ಬಟ್ಟೆ ಸೇರದು. ತಿಳಿಬಣ್ಣದ ಅಂಗಿ ತೊಟ್ಟು, ಅತ್ತರು ಹಾಕದೆ, ಪೆಟ್ಟಿಗೆಯ ಬಾಗಿಲಿಗೆ ಅಡ್ಡವಾಗದೆ ಪಕ್ಕದಲ್ಲಿ ನಿಲ್ಲಬೇಕು. ಸಾಕಣೆಗಾರನ ಬೆನ್ನಿಗೆ ಬಿಸಿಲಿದ್ದರೆ ಎರಿಯ ಕಣ್ಣಿನ ತಳದಲ್ಲಿರುವ ಮೊಟ್ಟೆಯೂ ಕಾಣುತ್ತದೆ. ಇದೆಲ್ಲ ಕಲಿಯಬಹುದು. ಕಷ್ಟವಿರುವುದು ಇನ್ನೊಂದರಲ್ಲಿ. ಪೆಟ್ಟಿಗೆ ತೆರೆದಿಟ್ಟಷ್ಟು ಹೊತ್ತು ಮರಿಗಳ ಕಾವು ಆರುತ್ತದೆ. ಪದೇ ಪದೇ ಕೆಣಕಿದರೆ ತುಡುವೆ ಮುನಿಸಿಕೊಂಡು ರಾತ್ರೋರಾತ್ರಿ ಅಲ್ಲದಿದ್ದರೂ ಮರುದಿನವೋ ವಾರದಲ್ಲೋ ಗೂಡು ಬಿಟ್ಟು ಹೊರಟೇಬಿಡುತ್ತದೆ. ಒಂದು ಒಳ್ಳೆಯ ಚಿತ್ರದ ಆಸೆಗೆ ಬಡವನೊಬ್ಬನ ವರ್ಷದ ತುಪ್ಪ ಹಾರಿಹೋಗಬಾರದಲ್ಲ! ಆದ್ದರಿಂದ ಅವನು ತನ್ನ ಕೆಲಸಕ್ಕೆಂದು ತೆರೆದಾಗ ಮಾತ್ರ ನಾವು ತೆಗೆಯುತ್ತೇವೆ, ನಮಗಾಗಿ ಮುಚ್ಚಳ ತೆಗೆಸುವುದಿಲ್ಲ. ರಾಣಿನೊಣದ ಚಿತ್ರ ಹೀಗೆ ಹಲವು ಬಾರಿ ತಪ್ಪಿದೆ, ತಪ್ಪಲಿ. ರಾಣಿಯ ಚಿತ್ರ ಯಾವ ಪುಸ್ತಕದಲ್ಲಾದರೂ ಸಿಕ್ಕೀತು. ಬಟ್ಟೆಯಲ್ಲಿ ಕಟ್ಟಿ ಬಿಸಿನೀರಿನಲ್ಲಿ ಮೇಣ ಕರಗಿಸುವ ಮನೆಯಾಕೆ, ಜಡಿಮಳೆಯಲ್ಲಿ ಗೊರಬೆ ಹೊದ್ದು ಸಕ್ಕರೆ ಪಾಕ ಇಟ್ಟುಬರುವ ಮಗ, ತುಪ್ಪದ ಯಂತ್ರದ ಹಿಡಿಯನ್ನು ತಿರುಗಿಸಿ ಸವೆದ ಅಂಗೈ, ಇವು ಯಾವ ಪುಸ್ತಕದಲ್ಲಿವೆ?

ಕಳೆದ ಬೇಸಗೆಯಲ್ಲಿ ಸುಳ್ಯದ ಕಡೆಯ ಹಿರಿಯರೊಬ್ಬರ ಮನೆಗೆ ಹೋಗಿದ್ದೆವು. ಎಂಬತ್ತು ದಾಟಿದವರು. ಪೆಟ್ಟಿಗೆಗಳ ಚಿತ್ರ ಮುಗಿದ ಮೇಲೆ ಒಳಗಿನಿಂದ ಹಳೆಯ ಲೆಕ್ಕದ ಪುಸ್ತಕವೊಂದನ್ನು ತಂದರು. ಗುಮಾಸ್ತನಿಗೆ ಲೆಕ್ಕದ ಪುಸ್ತಕ ಕಂಡರೆ ಆಗುವ ಸಂತೋಷವನ್ನು ವಿವರಿಸಬೇಕಾಗಿಲ್ಲ. ಪೆಟ್ಟಿಗೆಗೊಂದು ಸಂಖ್ಯೆ, ತಾರೀಖು, ತುಪ್ಪದ ತೂಕ, ಸಂಘಕ್ಕೆ ಕೊಟ್ಟದ್ದು, ಮನೆಗೆ ಇಟ್ಟದ್ದು. ದುಂಡನೆಯ ಅಕ್ಷರ. 1992ರ ಪುಟದಲ್ಲಿ ತೂಕದ ಅಂಕಣವೆಲ್ಲ ಬರಿದು, ಸಂಖ್ಯೆಯ ಎದುರು ಒಂದೇ ಮಾತು: ಖಾಲಿ. ಹದಿನಾಲ್ಕು ಪೆಟ್ಟಿಗೆಗೆ ಹದಿನಾಲ್ಕು ಸಲ ಬರೆದಿದೆ. ಮುಂದಿನ ಪುಟಗಳಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕ. ಕೊನೆಯಲ್ಲಿ ಮತ್ತೆ ಜೇನು, ಪೆಟ್ಟಿಗೆ ಒಂದು, ಬೇರೆ ಕೈಬರಹದಲ್ಲಿ. ಮೊದಲಿನ ಅಕ್ಷರ ಯಾರದೆಂದು ಕೇಳಿದೆವು. "ನಮ್ಮ ಮನೆಯವರದ್ದು. ಅವರು ಹೋಗಿ ಒಂಬತ್ತು ವರ್ಷ ಆಯ್ತು. ನಂದು ಕೋಳಿಕಾಲು, ನೀವು ಅದನ್ನು ತೆಗೆಯುವುದು ಬೇಡ" ಎಂದರು. ಆ ಪುಟದ ಚಿತ್ರ ತೆಗೆದುಕೊಂಡೆವು. ತಮ್ಮ ಚಿತ್ರದ ಪ್ರತಿ ಅವರು ಕೇಳಲಿಲ್ಲ. ಆ ಪುಟದ್ದು ಒಂದು ಕಳುಹಿಸಿ ಎಂದರು. ದೊಡ್ಡದಾಗಿ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳುಹಿಸಿದ್ದೇವೆ.

ಈ ಊರಿನ ಕನ್ನಡಿಗರಲ್ಲಿ ಕೊಡಗು, ಪುತ್ತೂರು, ಸುಳ್ಯ, ಶಿರಸಿ, ಕಾಸರಗೋಡಿನ ಕಡೆಯವರು ಅನೇಕರಿದ್ದೀರಿ. ನಿಮ್ಮ ಮನೆಯ ಹಳೆಯ ಆಲ್ಬಮ್ಮುಗಳಲ್ಲಿ ಮದುವೆ ಮುಂಜಿಯ ಗುಂಪುಚಿತ್ರಗಳ ಹಿಂಬದಿಯನ್ನೂ ಮೂಲೆಗಳನ್ನೂ ಒಮ್ಮೆ ನೋಡಿ. ಕಂಬದ ಮೇಲಿನ ಪೆಟ್ಟಿಗೆಯೋ, ಹೊಗೆತಿದಿಯೋ, ಜಗಲಿಯಲ್ಲಿ ತುಪ್ಪದ ಡಬ್ಬಿಯೋ ಕಂಡರೆ ತಿಳಿಸಿ. ಚಿತ್ರವನ್ನು ಕೊಡಬೇಕಾಗಿಲ್ಲ, ನಿಮ್ಮ ಮನೆಗೇ ಬಂದು ಪ್ರತಿ ಮಾಡಿಕೊಳ್ಳುತ್ತೇವೆ. ಊರು, ಇಸವಿ, ಪೆಟ್ಟಿಗೆ ಸಾಕಿದವರ ಹೆಸರು ಗೊತ್ತಿದ್ದರೆ ಚಿತ್ರದ ಬೆನ್ನಿಗೆ ಮೆದುವಾಗಿ ಪೆನ್ಸಿಲಿನಲ್ಲಿ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂಬದಿಗೆ ಇಳಿಯುತ್ತದೆ.